ಆರನೇ ಕಾಲಿನ ಅಳತೆ

ಬಟ್ಟೆ ಕತ್ತರಿಸುವ ನನ್ನ ಮೇಜಿನ ಮೂಲೆಯಲ್ಲಿ ಎರಡು ತಿಂಗಳಿಂದ ಒಂದು ಗಾಜಿನ ಜಾಡಿ ಇದೆ. ಒಳಗೆ ಸೀಬೆ ಎಲೆ, ಎಲೆಗಳ ನಡುವೆ ಒಣಕಡ್ಡಿಯಂತೆಯೇ ಕಾಣುವ ಒಂದು ಕಡ್ಡಿಹುಳ. ಜಾಡಿಯ ಬಾಯಿಗೆ ಲೈನಿಂಗ್ ಬಟ್ಟೆಯ ಚೂರು ಕಟ್ಟಿಕೊಟ್ಟವನು ನಾನೇ. ಸಾಕುತ್ತಿದ್ದವಳು ಮಗಳು ಗುಂಡಿ. ಟೈಲರ್ ಮಗಳಿಗೆ ಇನ್ಯಾವ ಅಡ್ಡಹೆಸರು ಬಿದ್ದೀತು!

ಹುಳ ಮನೆಗೆ ಬಂದ ದಿನವೇ ಅದರ ಹಿಂಗಾಲೊಂದು ಕಳಚಿಹೋಗಿತ್ತು. ಪೊರೆ ಬಿಟ್ಟಾಗ ಅಲ್ಲಿ ದಾರದ ಸುರುಳಿಯಂಥ ಪುಟ್ಟ ಕಾಲು ಮೂಡಿತು. ಅದರ ಮುಂದಿನ ಪೊರೆಗೆ ಒಂಬತ್ತು ಮಿಲಿಮೀಟರ್ ಆಯಿತು. ಗುಂಡಿ ನನ್ನ ಟೇಪಿನಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುವಳು, ಪಕ್ಕದಲ್ಲಿ ನನ್ನ ಸಹಿ ಹಾಕಿಸಿಕೊಳ್ಳುವಳು. ವಿಜ್ಞಾನದ ಟೀಚರ್ ಹಾಗೆ ಹೇಳಿದ್ದರು.

"ಅಪ್ಪಾ, ಇದರ ಚರ್ಮ ಹಿಗ್ಗಲ್ಲ ಗೊತ್ತಾ? ಒಳಗೊಳಗೇ ಹೊಸದು ತಯಾರು ಮಾಡ್ಕೊಂಡು, ಹಳೇದನ್ನ ಹರಿದು ಹೊರಗೆ ಬರುತ್ತೆ."

"ನಾನು ಯೂನಿಫಾರಂಗೆ ಬಿಡ್ತೀನಲ್ಲ, ಹಾಗೆ ಒಂದಿಷ್ಟು ಒಳಮಡಿಕೆ ಇದ್ದಿದ್ರೆ ಆಗ್ತಿರಲಿಲ್ವಾ?"

"ನಿನ್ನ ಒಳಮಡಿಕೇಲಿ ನನ್ನ ಸ್ಕರ್ಟು ಮೂರು ವರ್ಷ ಬಂತು. ಪುಣ್ಯಕ್ಕೆ ಅದು ನಿನ್ನ ಮಗಳಲ್ಲ!"

ಒಂದು ದಿನ ಬೆಳಿಗ್ಗೆ ನಲವತ್ತು ಯೂನಿಫಾರಂ ಕತ್ತರಿಸುವುದಿತ್ತು. ಅವಳಮ್ಮ ಕೆಲಸಕ್ಕೆ, ಗುಂಡಿ ಶಾಲೆಗೆ ಹೋಗಿಯಾಗಿತ್ತು. ಜಾಡಿ ಎತ್ತಿಡೋಣವೆಂದು ನೋಡಿದರೆ ಹುಳ ತಲೆಕೆಳಗಾಗಿ ಬಟ್ಟೆಗೆ ನೇತುಬಿದ್ದಿದೆ. ಮೈ ಬಿಳಿಚಿಕೊಂಡಿದೆ, ಬೆನ್ನು ಬಿರಿದಿದೆ. ಸತ್ತು ಬೂಷ್ಟು ಹಿಡಿದಿದೆ ಅಂದುಕೊಂಡೆ. ಬಟ್ಟೆ ಬಿಚ್ಚಿ ಕೊಡವಿಬಿಟ್ಟೆ. ನೆಲಕ್ಕೆ ಬಿದ್ದದ್ದು ಮೆಲ್ಲಗೆ ಒಂದು ಕಾಲು ಮಡಚಿತು. ಅರ್ಧ ಮೈ ಹಳೇ ಪೊರೆಯೊಳಗೆ, ಅರ್ಧ ಹೊರಗೆ, ಕಲಸಿದ ಹಿಟ್ಟಿನಷ್ಟು ಮೆತ್ತಗೆ.

ಆಮೇಲೆ ಕಂಡಿತು, ಜಾಡಿಗೆ ಗುಂಡಿ ಅಂಟಿಸಿ ಹೋಗಿದ್ದ ಚೀಟಿ: "ಮುಟ್ಟಬೇಡಿ. ಬಟ್ಟೆ ಬದಲಾಯಿಸ್ತಿದ್ದಾಳೆ." ಅದಕ್ಕೆ ಅಡ್ಡವಾಗಿ ಬಟ್ಟೆಯ ಥಾನು ಒರಗಿಸಿದ್ದವನೂ ನಾನೇ.

ಮಧ್ಯಾಹ್ನದ ಹೊತ್ತಿಗೆ ಅದು ಅಲ್ಲಾಡುವುದನ್ನು ನಿಲ್ಲಿಸಿತು. ಮನೆ ಹಿಂದಿನ ಸೀಬೆ ಗಿಡವನ್ನೆಲ್ಲ ಜಾಲಾಡಿ, ಅಷ್ಟೇ ಉದ್ದದ, ಅದೇ ಬಣ್ಣದ ಇನ್ನೊಂದನ್ನು ಹಿಡಿದು ತಂದು ಜಾಡಿಗೆ ಬಿಟ್ಟೆ. ಗಾಬರಿಯಲ್ಲಿ ಕಾಲಿನ ನೆನಪೇ ಆಗಲಿಲ್ಲ.

ಸಂಜೆ ಗುಂಡಿ ಕುಣಿದಾಡಿದಳು. "ಅಪ್ಪಾ! ಕಾಲು ಪೂರ್ತಿ ಬಂದ್ಬಿಟ್ಟಿದೆ! ಮೂವತ್ತೊಂದು! ಆ ಕಡೆದೂ ಮೂವತ್ತೊಂದು! ಪೊರೆ ಬಿಡೋದನ್ನ ನೀನು ನೋಡಿದ್ಯಾ?"

"ಹೂಂ, ನೋಡಿದೆ."

"ಪೊರೆ ಎಲ್ಲಿ?"

"ಅದೇ ತಿಂದ್ಕೊಳ್ತು."

ಪೊರೆಯನ್ನು ಹುಳವೇ ತಿನ್ನುತ್ತದೆಂದು ನನಗೆ ಹೇಳಿಕೊಟ್ಟಿದ್ದವಳು ಅವಳೇ. ಸಹಿ ಹಾಕಿದೆ.

ಶನಿವಾರ ಪಾಲಕರನ್ನೆಲ್ಲ ಶಾಲೆಗೆ ಕರೆದಿದ್ದರು. ಮಕ್ಕಳು ಒಬ್ಬೊಬ್ಬರೇ ಎದ್ದು ತಾವು ಬರೆದ ನೋಟ್‌ಬುಕ್ ಓದಬೇಕು. ಗುಂಡಿ ಓದಿ ಮುಗಿಸುವ ಮೊದಲೇ ಟೀಚರ್ ತಡೆದರು.

"ಒಂಬತ್ತರಿಂದ ಒಂದೇ ಸಲಕ್ಕೆ ಮೂವತ್ತೊಂದಾ? ಹಾಗೆ ಬೆಳೆಯಲ್ಲಮ್ಮ. ಅಂದಾಜಲ್ಲಿ ಬರೆದುಬಿಟ್ಯಾ?"

"ಎಲಾಸ್ಟಿಕ್ ಕಾಲಿರಬೇಕು ಮಿಸ್!" ಅಂದಿತು ಹಿಂದಿನ ಬೆಂಚು. ಎಲ್ಲರೂ ನಕ್ಕರು.

ಗುಂಡಿಯ ಕಿವಿ ಕೆಂಪಾಯಿತು. "ಸುಳ್ಳಲ್ಲ ಮಿಸ್. ನಮ್ಮಪ್ಪನ ಟೇಪಲ್ಲಿ ಅಳೆದಿದ್ದು. ಪೊರೆ ಬಿಡೋದನ್ನ ನಮ್ಮಪ್ಪ ಕಣ್ಣಾರೆ ನೋಡಿದ್ದಾರೆ. ಬೇಕಾದ್ರೆ ಕೇಳಿ."

ಎಲ್ಲರೂ ನನ್ನತ್ತ ತಿರುಗಿದರು. ಅಲ್ಲಿದ್ದ ಅರ್ಧ ಮಕ್ಕಳು ತೊಟ್ಟಿದ್ದು ನಾನು ಹೊಲಿದ ಯೂನಿಫಾರಂ. ನನ್ನ ಅಳತೆಯನ್ನು ನಂಬಿದ ಜನ.

"ಅಳತೆ ಸರಿಯಾಗೇ ಇದೆ ಮೇಡಂ," ಅಂದೆ.

ಟೀಚರ್ ಪೆನ್ನು ತೆಗೆದರು. ನನ್ನ ಸಹಿಯ ಪಕ್ಕ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಪುಸ್ತಕ ಹಿಂದಕ್ಕೆ ಕೊಟ್ಟರು.

ದಾರಿಯುದ್ದಕ್ಕೂ ಗುಂಡಿ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಮನೆಗೆ ಬಂದು ಜಾಡಿಯ ಮುಂದೆ ಕೂತವಳು ಹುಳದ ಹಿಂಗಾಲುಗಳನ್ನೇ ನೋಡುತ್ತ ಕೇಳಿದಳು: "ಮಿಸ್ ಹೇಳಿದ್ದೇ ಸರಿ, ಅಲ್ವಾ ಅಪ್ಪಾ?"

ಎಲ್ಲ ಹೇಳಿದೆ. ಥಾನು, ಚೀಟಿ, ಸೀಬೆ ಗಿಡ, ಎಲ್ಲ.

"ಬಿದ್ದಾಗ ಜೀವ ಇತ್ತಾ?"

"ಇತ್ತು."

"ಎಷ್ಟೊತ್ತು?"

"ಮಧ್ಯಾಹ್ನದ ತನಕ."

ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಪುಸ್ತಕ ತೆಗೆದು, ಮೂವತ್ತೊಂದೆಂದು ಬರೆದಿದ್ದ ಸಾಲಿನ ಮೇಲೆ ಒಂದು ಗೆರೆ ಎಳೆದು, ಕೆಳಗೆ ಬರೆದಳು: "ಪೊರೆ ಬಿಡುವಾಗ ಕೆಳಗೆ ಬಿತ್ತು. ಮಧ್ಯಾಹ್ನದ ತನಕ ಬದುಕಿತ್ತು." ಯಾರು ಬೀಳಿಸಿದ್ದೆಂದು ಬರೆಯಲಿಲ್ಲ. ನನ್ನ ಮಾನ ಕಾಪಾಡುವ ಕೆಲಸವೂ ಆ ಹನ್ನೊಂದು ವರ್ಷದ ಹುಡುಗಿಯ ಪಾಲಿಗೇ ಬಂತು.

"ಅಪ್ಪ ಬೀಳಿಸಿದ್ರು ಅಂತ ಬರಿ," ಅಂದೆ.

"ಅದನ್ನ ನೀನೇ ಬರಿ. ಸಹಿ ಹಾಕೋ ಜಾಗದಲ್ಲಿ. ಸೋಮವಾರ ನೀನೇ ತಗೊಂಡೋಗಿ ಮಿಸ್‌ಗೆ ಕೊಡು."

ಬರೆದೆ. ಪುಸ್ತಕ ತೆಗೆದುಕೊಂಡು ಪುಟ ತಿರುವಿದಳು. "ಎರಡನೇ ಹುಳ, ಒಂದನೇ ದಿನ" ಎಂದು ಬರೆದು ಅಳೆಯಲು ಹೊರಟಳು. ನನ್ನ ಟೇಪು ಅವಳ ಮೊಣಕೈ ಪಕ್ಕದಲ್ಲೇ ಬಿದ್ದಿತ್ತು. ಅವಳು ಎದ್ದು ಹೋಗಿ ಶಾಲೆಯ ಚೀಲದಿಂದ ತನ್ನ ಸ್ಕೇಲು ತಂದಳು.