ಮೇಸ್ತ್ರಿಯ ದವಡೆ

ಕನ್ನಡಿಯನ್ನು ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದ ಮೇಲೆ ದರ್ಜಿ ಅಜ್ಜಿ ಹೇಳಿದರು, "ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕ್ಕೊಂಡ ಹಾಗಿದೆಯಲ್ಲಪ್ಪ ಮೇಸ್ತ್ರಿ."

ಮೇಸ್ತ್ರಿ ನಕ್ಕ. ದಂತವೈದ್ಯರ ಕೋಣೆಯ ಹಿಂದೆಯೇ ಅವನ ಕಾರ್ಯಾಗಾರ; ಹಲ್ಲಿನ ಸೆಟ್ಟು ಮಾಡಲು ಕೂತು ಮೂವತ್ತು ವರ್ಷವಾಗಿತ್ತು. ಮೇಣದಲ್ಲಿ ಜೋಡಿಸಿ ಮೊದಲ ಸಲ ಬಾಯಿಗಿಟ್ಟಾಗ ಎಲ್ಲರೂ ಏನಾದರೊಂದು ತಗಾದೆ ತೆಗೆಯುವವರೇ. ಅಭ್ಯಾಸವಾಗುತ್ತದೆ ಎನ್ನಲು ಬಾಯಿ ತೆರೆದವನು ಅಜ್ಜಿಯ ಬಾಯಿ ನೋಡಿ ತನ್ನದನ್ನು ಮುಚ್ಚಿಕೊಂಡ. ಮೇಲ್ಸಾಲಿನ ನಡುವಿನ ಎರಡು ಹಲ್ಲು ಅದಲುಬದಲಾಗಿದ್ದವು. ನೇರ ಮೂಲೆಗಳು ತಾಗಬೇಕಾದ ಕಡೆ ದುಂಡು ಮೂಲೆಗಳು ಸೇರಿ ಸಣ್ಣದೊಂದು ಸಂದಿ ಬಿದ್ದಿತ್ತು. ಕಸುಬಿಗೆ ಬಂದ ಮೊದಲ ವಾರ ಮಾಡುವ ತಪ್ಪು ಅದು.

ಐದು ನಿಮಿಷ ಕೂರಿ ಎಂದು ಮೇಣದ ಚಾಕು ಬಿಸಿ ಮಾಡಿ ಹಲ್ಲುಗಳನ್ನು ಸರಿಪಡಿಸಿದ. ಅಜ್ಜಿ ಮತ್ತೆ ಕನ್ನಡಿ ನೋಡಿ ತಲೆಯಾಡಿಸಿದರು. ಆದರೆ ಇದು ಹೇಗಾಯಿತೆಂದು ಅವನಿಗೆ ಗೊತ್ತಿತ್ತು. ನಿನ್ನೆ ಮಧ್ಯಾಹ್ನ ಚಾಕು ಕೈಯಲ್ಲಿದ್ದಂತೆಯೇ ಕಣ್ಣು ಹತ್ತಿತ್ತು. ರೆಪ್ಪೆ ಬಡಿದಷ್ಟೇ ಎಂದುಕೊಂಡಿದ್ದ. ಮೇಣ ಮಾತ್ರ ಆರಿ ಗಟ್ಟಿಯಾಗಿತ್ತು.

ನಾಲ್ಕು ತಿಂಗಳ ಹಿಂದೆ ಹೆಂಡತಿಯೇ ಅವನನ್ನು ನಿದ್ದೆಯ ಡಾಕ್ಟರ ಬಳಿ ಎಳೆದೊಯ್ದಿದ್ದಳು. ನಿದ್ದೆಯಲ್ಲಿ ಉಸಿರು ಅಳೆಯಲು ಮನೆಗೆ ಕೊಟ್ಟ ಪುಟ್ಟ ಪೆಟ್ಟಿಗೆ ಕಟ್ಟಿಕೊಂಡು ಮಲಗಿದರೆ, ಗಂಟೆಗೆ ನಲವತ್ತೆರಡು ಸಲ ಉಸಿರು ಕಟ್ಟುತ್ತಿದೆ ಎಂದು ತಿಳಿಯಿತು. ಇಷ್ಟು ಜೋರಾದ ತೊಂದರೆಗೆ ಮೂಗಿಗೆ ಮುಖವಾಡ ಹಾಕಿ ಗಾಳಿ ಊದುವ ಯಂತ್ರವೇ ಮೊದಲ ಮದ್ದು ಎಂದರು ಡಾಕ್ಟರು. ನಿದ್ದೆಯಲ್ಲಿ ಗಂಟಲು ಮುಚ್ಚದಂತೆ ದವಡೆಯನ್ನು ಮುಂದಕ್ಕೆ ಹಿಡಿದಿಡುವ ಹಲ್ಲಿನ ಅಚ್ಚು ಹೆಚ್ಚಾಗಿ ತೊಂದರೆ ಕಡಿಮೆ ಇರುವವರಿಗೆ. ಆಪರೇಷನ್ ಮಾತು ಆಮೇಲೆ. ಏನೇ ಮಾಡಿದರೂ ತೂಕ ಇಳಿಸಬೇಕು, ಮಗ್ಗುಲಾಗಿ ಮಲಗಬೇಕು.

ಇಷ್ಟರಲ್ಲಿ ಮೇಸ್ತ್ರಿಯ ಕಿವಿಗೆ ಬಿದ್ದದ್ದು ಒಂದೇ, ಹಲ್ಲಿನ ಅಚ್ಚು. ಅಂಥ ಇನ್ನೂರು ಅಚ್ಚು ಊರಿಗೆಲ್ಲ ಮಾಡಿಕೊಟ್ಟವನು ತನಗೊಂದು ಮಾಡಿಕೊಳ್ಳಲಾರನೇ? ತನ್ನ ದವಡೆಯ ಪಡಿಯಚ್ಚು ತಾನೇ ತೆಗೆದ, ಎರಡೇ ದಿನದಲ್ಲಿ ಗಾಜಿನಂತೆ ಹೊಳೆಯುವ ಅಚ್ಚು ಮಾಡಿದ. ವಾರದೊಳಗೆ ಗೊರಕೆ ನಿಂತಿತು. ಬೀದಿಗೆಲ್ಲ ಡಂಗುರ ಸಾರಿದ. ಅಚ್ಚು ಹಾಕಿಕೊಂಡೇ ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಎಂದ ಡಾಕ್ಟರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಡಿಯಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟರಿನ ತನ್ನ ದವಡೆಯನ್ನು ಮಾದರಿಗಳ ಸಾಲಿನಲ್ಲಿ, ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲೆ ಮೆರೆಯಲಿಟ್ಟ.

ಅಜ್ಜಿ ಬಂದಿದ್ದ ದಿನ ಮಧ್ಯಾಹ್ನ ಮನೆಗೆ ಊಟಕ್ಕೆ ಹೋದಾಗ ಅವರ ಚಪ್ಪಲಿಯ ಮಾತನ್ನೂ ಚಾಕು ಹಿಡಿದೇ ಕಣ್ಣು ಹತ್ತಿದ್ದನ್ನೂ ಹೆಂಡತಿಗೆ ತಮಾಷೆಯಾಗಿ ಹೇಳಿದ. ಅವಳು ನಗಲಿಲ್ಲ, ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಮೊದಲು ನಿಮ್ಮ ಗೊರಕೆ ನಿಂತ ತಕ್ಷಣ ನನಗೆ ಎಚ್ಚರ ಆಗೋದು. ಅಲುಗಿಸ್ತಿದ್ದೆ, ನೀವು ಉಸಿರೆಳೀತಿದ್ರಿ. ಈಗ ಗೊರಕೆನೇ ಇಲ್ಲ. ನಾನೂ ನಿದ್ದೆ ಹೋಗಿಬಿಡ್ತೀನಿ. ನಿಮ್ಮ ಉಸಿರು ನಿಂತ್ರೆ ಯಾರಿಗೆ ಗೊತ್ತಾಗುತ್ತೆ?"

ಮೇಸ್ತ್ರಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಇಷ್ಟು ವರ್ಷ ತನ್ನನ್ನು ಕಾಯುತ್ತಿದ್ದವಳನ್ನು ತಾನೇ ಮಲಗಿಸಿಬಿಟ್ಟಿದ್ದ. ಆ ಯೋಚನೆ ಬಂದದ್ದೇ ಅವನಿಗೆ ನಿಜವಾಗಿ ಭಯವಾಯಿತು.

ವಾರ ಕಳೆಯುವಷ್ಟರಲ್ಲಿ ಅಚ್ಚು ಹಾಕಿಕೊಂಡೇ ಮತ್ತೆ ಪೆಟ್ಟಿಗೆ ಕಟ್ಟಿಕೊಂಡು ಪರೀಕ್ಷೆಯಾಯಿತು. ಉಸಿರು ಕಟ್ಟುವ ಲೆಕ್ಕ ನಲವತ್ತೆರಡರಿಂದ ಹತ್ತೊಂಬತ್ತಕ್ಕೆ ಇಳಿದಿತ್ತು. ಡಾಕ್ಟರು ಅಚ್ಚನ್ನು ಬೆಳಕಿಗೆ ಹಿಡಿದು ಮೆಚ್ಚಿದರು. ಕೆಲಸದಲ್ಲಿ ಕುಂದಿಲ್ಲ, ಆದರೆ ಈ ಗಂಟಲಿಗೆ ಅಚ್ಚೊಂದೇ ಸಾಲದು, ಯಂತ್ರ ಬೇಕು ಎಂದರು. ಮೇಸ್ತ್ರಿ ಈ ಸಲ ಒಪ್ಪಿಕೊಂಡ.

ಪಕ್ಕದ ಕೋಣೆಯಲ್ಲಿ ನರ್ಸು ಮೂರು ಅಳತೆಯ ಮುಖವಾಡ ತಂದು ಒಂದೊಂದನ್ನೇ ಅವನ ಮೂಗಿಗೆ ಒತ್ತಿ ನೋಡಿದಳು. ಅಂಚು ಎಲ್ಲಿ ಸೋರುತ್ತದೆಂದು ಅವನಿಗೆ ಅವಳಿಗಿಂತ ಮೊದಲೇ ತಿಳಿಯಿತು. ಬೆರಳು ತಾನಾಗಿ ಮೇಲೆದ್ದಿತು.

"ಕೈ ಕೆಳಗಿಡಿ ಸರ್," ಎಂದಳು ನರ್ಸು. "ಬಾಯಿ ಸಡಿಲ ಬಿಡಿ. ನೀವೇನೂ ಮಾಡಬೇಡಿ, ನಾನು ನೋಡ್ಕೋತೀನಿ."

ಮೂವತ್ತು ವರ್ಷ ಎಷ್ಟೋ ಜನಕ್ಕೆ ಅವನೇ ಹೇಳಿದ ಮಾತು, ಅದೇ ದನಿಯಲ್ಲಿ. ಮೇಸ್ತ್ರಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ.

ಮೊದಲೆರಡು ರಾತ್ರಿ ಪಟ್ಟಿ ಬಿಗಿಯೆನಿಸಿ ಮುಖವಾಡವನ್ನು ನಡುವೆಯೇ ಕಿತ್ತು ತೆಗೆದ. ನರ್ಸು ಪಟ್ಟಿ ಸಡಿಲಿಸಿ ಕೊಟ್ಟಳು. ಒಂಬತ್ತನೆಯ ದಿನ ಬಿಸಿಲು ಮುಖಕ್ಕೆ ಬಿದ್ದಾಗಲೇ ಅವನಿಗೆ ಎಚ್ಚರವಾದದ್ದು. ತಲೆ ಹಗುರಾಗಿತ್ತು. ಪಕ್ಕದಲ್ಲಿ ಹೆಂಡತಿ ಇನ್ನೂ ಮಲಗಿದ್ದಳು, ಅವಳನ್ನು ಎಬ್ಬಿಸದೆ ಎದ್ದು ಬಂದ.

ಅಂದು ಮಧ್ಯಾಹ್ನ ಕಣ್ಣು ಎಳೆಯಲಿಲ್ಲ. ಅಜ್ಜಿಯ ಸೆಟ್ಟಿಗೆ ಕೊನೆಯ ಮೆರುಗು ಕೊಟ್ಟು ನೀರಿಗೆ ಹಾಕಿದ. ಆಮೇಲೆ ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ತನ್ನ ದವಡೆಯನ್ನು ಇಳಿಸಿ ಧೂಳು ಊದಿದ. ಗಿರಾಕಿಗಳ ದವಡೆಗಳೆಲ್ಲ ಕೆಳಗಿನ ಹಲಗೆಯಲ್ಲಿ, ಬುಡದಲ್ಲಿ ಒಂದೊಂದು ನಂಬರು ಹೊತ್ತು ಸಾಲಾಗಿ ಕೂತಿದ್ದವು. ಅಜ್ಜಿಯದು ಮೂರು ಸಾವಿರದ ನೂರ ಹದಿನಾರು. ಮೇಸ್ತ್ರಿ ಕಿವಿಯ ಮೇಲೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ತನ್ನದರ ಬುಡಕ್ಕೆ ಮುಂದಿನ ನಂಬರು ಬರೆದ, ಅಜ್ಜಿಯ ದವಡೆಯನ್ನು ತುಸು ಸರಿಸಿ ಪಕ್ಕದಲ್ಲಿಟ್ಟ.