ಹೊಲದ ಬಳಿ ನಿಂತ ಕಾರು

ಕಾರು ಕೆಟ್ಟಿತ್ತು ಅಂದುಬಿಡಲೇ? ಅಷ್ಟು ಹೇಳಿದರೆ ಸಾಕಲ್ಲವೇ? ಅಥವಾ ದನಿಯಲ್ಲೇ ಸುಳ್ಳು ಗೊತ್ತಾಗಿಬಿಡುತ್ತದೆಯೇ?

ವರ್ನನ್ ಕುಚೆರಾ ಅಡುಗೆಮನೆಯ ಮೇಜಿನ ಮೇಲೆ ಸ್ಪೀಕರ್ ಹಾಕಿಟ್ಟ ಫೋನನ್ನೇ ನೋಡುತ್ತಿದ್ದ. ಎದುರಿಗೆ ಹೆಂಡತಿ ಲೋರೀನ್ ಕೈಗಂಟಿದ ಹಿಟ್ಟನ್ನೂ ತೊಳೆಯದೆ ಕುಳಿತಿದ್ದಳು.

"ಕುಚೆರಾ ಅವರೇ, ಕೇಳಿಸ್ತಿದೆಯಾ?" ವಿಚಾರಣಾಧಿಕಾರಿಯ ದನಿ ಮೃದುವಾಗಿತ್ತು. "ನಿರುದ್ಯೋಗ ಭತ್ಯೆ ಕೊಡಲ್ಲ ಅಂದಿದ್ದಕ್ಕೆ ನೀವು ಮೇಲ್ಮನವಿ ಹಾಕಿದ್ದೀರಿ. ಆದ್ರೆ ಗಡುವು ಮುಗಿದ ಮಾರನೇ ದಿನ ಹಾಕಿದ್ದೀರಿ. ತಡ ಆಗಿದ್ದಕ್ಕೆ ಸರಿಯಾದ ಕಾರಣ ಇದ್ರೆ ಮಾತ್ರ ನಾನು ಮುಂದಿನದು ಕೇಳಬಹುದು."

ಮುಂದಿನದು ಗಟ್ಟಿಯಾಗಿಯೇ ಇತ್ತು. ವರ್ನನ್ ತಾನಾಗಿ ಕೆಲಸ ಬಿಟ್ಟನೆಂದು ಮಾಂಸದ ಕಾರ್ಖಾನೆಯವರು ಹೇಳಿದ್ದರು; ತಾನಾಗಿ ಬಿಟ್ಟವರಿಗೆ ಭತ್ಯೆ ಇಲ್ಲ. ಮನೆಗೆ ಹೋಗೆಂದು ಮೇಸ್ತ್ರಿ ಗದರಿದ್ದನ್ನು ಪಕ್ಕದಲ್ಲಿದ್ದವರೆಲ್ಲ ಕೇಳಿದ್ದರು, ಸಾಕ್ಷಿ ಹೇಳಲೂ ಒಪ್ಪಿದ್ದರು. ಭತ್ಯೆ ಬಾರದಿದ್ದರೆ ಈ ಮನೆ ಬಿಡಬೇಕಿತ್ತು.

ಲೋರೀನ್ ದನಿಯಿಲ್ಲದೆ ತುಟಿಯಾಡಿಸಿದಳು: ಕಾರು.

ಗಡುವಿನ ದಿನ ಮಧ್ಯಾಹ್ನ ಅರ್ಜಿ ಹಿಡಿದು ಹೊರಟವನು ಪ್ಲಾಟ್ ನದಿಯ ಪಕ್ಕದ ರಸ್ತೆಯಲ್ಲಿ ಬಂದಿದ್ದ. ಕಟಾವಾದ ಮೆಕ್ಕೆಜೋಳದ ಹೊಲಗಳಲ್ಲಿ ಬೂದು ಕ್ರೌಂಚ ಪಕ್ಷಿಗಳು ಮೇಯುತ್ತಿದ್ದವು. ಪ್ರತಿ ಮಾರ್ಚಿನಲ್ಲೂ ಅವು ಬರುವುದು, ನೋಡಲು ಎಲ್ಲೆಲ್ಲಿಂದಲೋ ಜನ ಬರುವುದು ಅವನಿಗೆ ಗೊತ್ತಿತ್ತು. ಆದರೆ ಹರೆಯದಿಂದ ಅವನ ಹಗಲುಗಳೆಲ್ಲ ಕಿಟಕಿಯಿಲ್ಲದ ತಣ್ಣನೆಯ ಕಟ್ಟಡದಲ್ಲಿ, ಚಾಕುವಿನ ತುದಿ ನೋಡುತ್ತ ಕಳೆದಿದ್ದವು.

ಹದ್ದಿನ ನೆರಳೊಂದು ಹಾದುಹೋಯಿತು. ಹೊಲವೇ ಕಿತ್ತುಕೊಂಡು ಎದ್ದಂತೆ ಅಷ್ಟೂ ಹಕ್ಕಿಗಳು ಮೇಲೆದ್ದವು. ಬಿಸಿಲು ಮಂಕಾಯಿತು. ಅವುಗಳ ಕೂಗು ಕಿವಿಗಿಂತ ಮೊದಲು ಎದೆಗೂಡಿಗೆ ತಾಗಿತು. ಕಾರು ನಿಲ್ಲಿಸಿ ಇಳಿದ. ಪದರದ ಮೇಲೆ ಪದರವಾಗಿ ಆಕಾಶ ತಿರುಗುತ್ತಿತ್ತು. ಇಷ್ಟೆಲ್ಲ ವರ್ಷ ಇದು ಇಲ್ಲೇ ಇತ್ತೇ, ಆ ಗೋಡೆಯ ಆಚೆ? ಅವನು ಟೋಪಿ ತೆಗೆದ. ಎಷ್ಟೋ ದನಗಳ ದೇಹಗಳನ್ನು ಕೊಯ್ದು ಬಿಡಿಸಿದ್ದ ಕೈಗಳು ಏನೂ ಮಾಡಲು ತೋಚದೆ ಜೋತುಬಿದ್ದಿದ್ದವು.

ಅವನು ತಲುಪಿದಾಗ ಕಚೇರಿಗೆ ಬೀಗ ಬಿದ್ದಿತ್ತು.

"ಹುಷಾರಿರಲಿಲ್ವಾ? ಗಾಡಿ ಏನಾದ್ರೂ ಕೈಕೊಡ್ತಾ?" ಅಧಿಕಾರಿಯೇ ದಾರಿ ತೋರಿಸಿದರು.

"ಇಲ್ಲ ಮೇಡಂ. ಗಾಡಿ ಚೆನ್ನಾಗೇ ಇತ್ತು. ದಾರೀಲಿ ನಿಂತೆ."

"ಯಾಕೆ?"

ಬಾಯಿ ತೆರೆದ. ಆ ಆಕಾಶವನ್ನು ಈ ಪುಟ್ಟ ಫೋನಿನೊಳಗೆ ಹೇಗೆ ತೂರಿಸುವುದೆಂದು ತಿಳಿಯಲಿಲ್ಲ.

"ಹೇಳೋ ಅಂಥ ಕಾರಣ ಏನಿಲ್ಲ ಮೇಡಂ."

"ಹಾಗಾದ್ರೆ ನನ್ನ ಕೈಲೂ ಏನಿಲ್ಲ." ಅವರು ಸ್ವಲ್ಪ ಕಾದು ಫೋನಿಟ್ಟರು.

"ದನ ಕುಯ್ಯೋಕೆ ನಾಲಿಗೆ ಬೇಕಿರಲಿಲ್ಲ, ಒಪ್ಪಿದೆ," ಎಂದಳು ಲೋರೀನ್. "ಇವತ್ತೊಂದಿನ ಬೇಕಿತ್ತಲ್ಲೋ. ಕುಡಿಯೋಕೆ ನಿಂತಿದ್ಯಾ?"

"ಇಲ್ಲ."

"ಯಾವಳಾದ್ರೂ ಸಿಕ್ಕಿದ್ಲಾ?"

"ಈ ಮುಖಕ್ಕಾ?"

ಅವಳಿಗೆ ನಗು ಬಂದು ಅರ್ಧಕ್ಕೆ ನಿಂತಿತು. ಸಿಂಕಿನತ್ತ ತಿರುಗಿ ಕೈ ತೊಳೆಯತೊಡಗಿದಳು. "ಅಕ್ಕನಿಗೆ ಫೋನ್ ಮಾಡ್ತೀನಿ. ಅವಳ ಮನೇಲಿ ಕೆಳಗಿನ ರೂಮು ಖಾಲಿ ಇದೆ."

ಅವನು ಪಕ್ಕದಲ್ಲಿ ನಿಂತು ತಟ್ಟೆಗಳನ್ನು ಒರೆಸಿದ. ಕ್ರೌಂಚಗಳು ಆಗಲೇ ಉತ್ತರಕ್ಕೆ ಹೋಗಿಯಾಗಿತ್ತು. ಹೊಲದ ಬಳಿ ತಾನು ಗಡಿಯಾರ ನೋಡಿಕೊಂಡಿದ್ದೆ, ಆಗ ಹೊರಟಿದ್ದರೂ ತಲುಪುತ್ತಿದ್ದೆ, ಗೊತ್ತಿದ್ದೇ ನಿಂತೆ ಎಂಬುದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.