ರಿಪೇರಿ ವಿಭಾಗದ ಗುರಿ

ನಮ್ಮ ಹೊಲಿಗೆ ಯಂತ್ರದ ಕಂಪನಿಗೆ ಹೊಸ ಧ್ಯೇಯ ಬಂದಿತ್ತು: 'ಪ್ರತಿ ಮನೆಗೂ ಹೊಸ ಯಂತ್ರ'. ಗೇಟಿನಿಂದ ಹಿಡಿದು ಕಕ್ಕಸಿನ ಬಾಗಿಲಿನವರೆಗೆ ಅದನ್ನೇ ಅಂಟಿಸಿದ್ದರು. ಪ್ರತಿಯೊಂದು ವಿಭಾಗವೂ ತನ್ನ ಗುರಿ ಈ ಧ್ಯೇಯಕ್ಕೆ ಹೇಗೆ ಹೊಂದುತ್ತದೆಂದು ಸಂಜೆಯೊಳಗೆ ಹೇಳಬೇಕು. ಹೊಂದದಿದ್ದರೆ ಬಾಗಿಲಿಗೆ ಬೀಗ.

ನನ್ನದು ರಿಪೇರಿ ವಿಭಾಗ. ನಮಗೂ ಆ ಧ್ಯೇಯಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಹೆಸರಿಗೆ ಮುಖ್ಯಸ್ಥೆ ನಾನು. ಕೆಲಸ ಮಾಡುವ ಕೈ ನನ್ನ ಭಾವನದು. ಅಕ್ಕ ತುಂಬು ಬಸುರಿ. "ಇವರಿಗೆ ಒಂದು ಕಣ್ಣು ಕಾಣಲ್ಲ, ಬೇರೆ ಯಾರು ಕೆಲಸ ಕೊಡ್ತಾರೆ? ಏನಾದ್ರೂ ಮಾಡೆ," ಎಂದು ಬೆಳಿಗ್ಗೆ ಫೋನಿನಲ್ಲಿ ಅತ್ತಿದ್ದಳು.

ಮ್ಯಾನೇಜರ್ ಕೋಣೆಗೆ ಹೋದೆ. "ರಿಪೇರಿ ಚೆನ್ನಾಗಿದ್ರೆ ತಾನೆ ಸಾರ್ ಜನ ನಮ್ಮನ್ನ ನಂಬೋದು?"

"ನಂಬಿಕೆ ಎಲ್ಲಾ ಸರಿ. ಧ್ಯೇಯಕ್ಕೇನು ಉಪಯೋಗ? ಅದನ್ನ ಹೇಳಿ."

ಆತ ಗಡಿಯಾರ ನೋಡಿದ. ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ಹಳೇದು ತಂದವರಿಗೆ, ಇದು ರಿಪೇರಿ ಆಗಲ್ಲ, ಹೊಸದು ತಗೊಳ್ಳಿ ಅಂತ ಹೇಳೋಕೆ ಒಬ್ಬರು ಬೇಕಲ್ಲ ಸಾರ್. ನಮ್ಮ ಭಾವ ಹೇಳಿದ್ರೆ ಜನ ನಂಬ್ತಾರೆ."

ಮ್ಯಾನೇಜರ್ ಕುರ್ಚಿ ಬಿಟ್ಟು ಎದ್ದ. "ನೋಡಿ, ಹೊಂದ್ತಲ್ಲ!"

ವಿಷಯ ತಿಳಿಸಿದಾಗ ಭಾವ ಜಗಳವಾಡಲಿಲ್ಲ. ಬೈದಿದ್ದರೆ ನನಗೆ ಉಸಿರಾಡಲಾದರೂ ಆಗುತ್ತಿತ್ತು.

ಮರುದಿನ ಹೊಲಿಗೆ ಕೆಲಸದ ಹೆಂಗಸೊಬ್ಬಳು ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಏದುಸಿರು ಬಿಡುತ್ತಾ ಬಂದಳು. ಭಾವ ಚಕ್ರ ತಿರುಗಿಸಿ ಕಿವಿಗೊಟ್ಟರು. ಒಂದು ತಿರುಪು ಸಡಿಲವಾಗಿತ್ತು, ಅಷ್ಟೇ. ಪಕ್ಕದ ಮೇಜಿನಲ್ಲಿದ್ದ ನನಗೂ ಅದರ ಗಲಗಲ ಕೇಳಿಸಿತು. ಅವರ ಕೈ ತಾನಾಗಿಯೇ ಸ್ಕ್ರೂಡ್ರೈವರ್ ಕಡೆ ಹೋಯಿತು.

ಬಾಗಿಲಲ್ಲಿ ಮ್ಯಾನೇಜರ್ ನಿಂತಿದ್ದ.

"ಭಾವ," ಎಂದೆ. ಕೈ ಅಲ್ಲೇ ನಿಂತಿತು.

"ಇದು ಇನ್ನು ಆಗಲ್ಲಮ್ಮ," ಎಂದರು ಭಾವ. "ಹೊಸದೇ ತಗೋಬೇಕು."

ಅವಳು ಯಂತ್ರದ ಮೇಲೊಮ್ಮೆ ಕೈಯಾಡಿಸಿದಳು. "ಬೇರೆಯವರು ಹೇಳಿದ್ರೆ ನಂಬ್ತಿರ್ಲಿಲ್ಲ ಅಣ್ಣ. ನೀವೇ ಹೇಳಿದ್ಮೇಲೆ ಮುಗೀತು. ನಿಜ ಹೇಳಿದ್ರಲ್ಲ, ಅಷ್ಟು ಸಾಕು."

ಯಂತ್ರವನ್ನು ಅಲ್ಲೇ ಬಿಟ್ಟು ಹೋದಳು. ಮ್ಯಾನೇಜರ್ ಹೆಬ್ಬೆರಳೆತ್ತಿ ತೋರಿಸಿ ತನ್ನ ದಾರಿ ಹಿಡಿದ. ಅಕ್ಕನ ಅನ್ನ ಉಳಿಸಿದ್ದೆ.

ಭಾವ ನನ್ನ ಕಡೆ ತಿರುಗಿದರು. ನಿನ್ನೆಯಷ್ಟೇ ಕೆಲಸಕ್ಕೆ ಸೇರಿದವರಂತೆ, ಅಂಜುತ್ತಾ ಕೇಳಿದರು:

"ಸರಿಯಾಗಿ ಹೇಳಿದ್ನಾ?"